ಏರಿನಲ್ಲಿ ನಿಂತ ಜೀಪು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅರಕಲಗೂಡಿನಲ್ಲಿ ಆಸ್ಪತ್ರೆಯ ಜೀಪು ಓಡಿಸುತ್ತಿದ್ದೆ. ಒಂದು ಬೆಳಿಗ್ಗೆ ಹಳ್ಳಿಯೊಂದರಿಂದ ಕರೆ ಬಂತು. ಚೊಚ್ಚಲ ಹೆರಿಗೆ, ಮಗು ಅಡ್ಡ ತಿರುಗಿತ್ತು. ನನ್ನ ಜೊತೆ ಬಂದ ನರ್ಸಮ್ಮ ಒಳಗೆ ಹೋಗಿ ಪರೀಕ್ಷೆ ಮಾಡಿ ಹೊರಬಂದರು. "ಹಾಸನಕ್ಕೇ ಹೋಗಬೇಕು, ಬೇಗ ಹೊರಡಿ" ಎಂದರು.

ಹಿಂದಿನ ಸೀಟಿನ ಮೇಲೆ ಕಂಬಳಿ ಹಾಸಿ ಹೆಂಗಸನ್ನು ಮಲಗಿಸಿದೆವು. ಗಂಡ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮಟ್ಟದ ದಾರಿಯಲ್ಲಿ ಜೀಪು ಚೆನ್ನಾಗಿಯೇ ಓಡಿತು. ಹಾಸನದ ದಾರಿಯ ಏರು ಸಿಕ್ಕಿದ ಕೂಡಲೇ ಶಕ್ತಿ ಕುಂದಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನೊಳಗಿಂದ ಪಟಪಟ ಸಿಡಿದು ಇಂಜಿನ್ ನಿಂತೇಹೋಯಿತು.

ಬಾನೆಟ್ ಎತ್ತಿ ಪೆಟ್ರೋಲ್ ಪೈಪ್ ಬಿಚ್ಚಿದೆ. ಪೆಟ್ರೋಲ್ ಸರಿಯಾಗಿಯೇ ಬರುತ್ತಿತ್ತು. ಪೆಟ್ರೋಲ್ ಚಿಮ್ಮುವ ಸಣ್ಣ ತೂತಿನ ಜೆಟ್ ತೆಗೆದು ಊದಿದೆ, ಕಸ ಇರಲಿಲ್ಲ. ಪ್ಲಗ್ ಬಿಚ್ಚಿ ನೋಡಿದರೆ ತುದಿ ಸುಣ್ಣದಂತೆ ಬೆಳ್ಳಗಾಗಿತ್ತು. ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚು ಬೆರೆತು ಉರಿದಾಗ ಹೀಗಾಗುತ್ತದೆ. ಎಲ್ಲವನ್ನೂ ಮತ್ತೆ ಜೋಡಿಸಿ ಸ್ಟಾರ್ಟ್ ಮಾಡಿ ಚೋಕ್ ಎಳೆದೆ. ಗಾಳಿ ಕಡಿಮೆಯಾದದ್ದೇ ಇಂಜಿನ್ ಸ್ವಲ್ಪ ಸುಧಾರಿಸಿತು, ಚೋಕ್ ಬಿಟ್ಟೊಡನೆ ಮತ್ತೆ ಸಿಡಿಯಿತು. ಹಾಗಾದರೆ ಎಲ್ಲಿಂದಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ.

ಗಂಡ ಇಳಿದು ಬಂದ. "ಸಾ, ಇದು ಓಯ್ತದಾ ಇಲ್ವಾ ಯೋಳ್ಬುಡಿ. ಇಲ್ಲಾಂದ್ರೆ ಎತ್ತಿನಗಾಡಿ ಕಟ್ಟುಸ್ಕಂಡ್ ಬತ್ತೀನಿ."

"ವಸಿ ತಡಿಯಪ್ಪ. ಎತ್ತಿನಗಾಡೀಲಿ ಹೋದ್ರೆ ಹಾಸ್ನ ಸೇರೋದು ಯಾವಾಗ?" ಎಂದೆ.

ಒಂದು ಬಟ್ಟೆಯನ್ನು ನೀರಲ್ಲಿ ಅದ್ದಿ ಕಾರ್ಬ್ಯುರೇಟರಿನ ಬುಡಕ್ಕೆ ಸುತ್ತಿದೆ. ಇಂಜಿನ್ನಿನ ಸದ್ದು ಸಮನಾಯಿತು. ಗಾಳಿ ನುಗ್ಗುತ್ತಿದ್ದದ್ದು ಅಲ್ಲಿಂದಲೇ; ಬುಡದ ನಟ್ಟು ಸಡಿಲಾಗಿ, ಸಂದು ಮುಚ್ಚುವ ಕೆಳಗಿನ ಗ್ಯಾಸ್ಕೆಟ್ ಹರಿದುಹೋಗಿತ್ತು. ನರ್ಸಮ್ಮ ಹತ್ತಿ ಇಟ್ಟಿದ್ದ ರಟ್ಟಿನ ಡಬ್ಬ ಖಾಲಿ ಮಾಡಿ ಕೊಟ್ಟರು. ಆ ರಟ್ಟನ್ನು ಬುಡದ ಅಳತೆಗೆ ಕತ್ತರಿಸಿ, ಸೋಪು ಉಜ್ಜಿ, ಕೂರಿಸಿ ಬಿಗಿದೆ. ಜೀಪು ಏರು ಹತ್ತಿತು.

ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಆಸ್ಪತ್ರೆಯ ಹೊರಗೆ ಕಲ್ಲುಬೆಂಚಿನ ಮೇಲೆ ಕೂತಿದ್ದ ನನಗೆ ತಲೆಯೆತ್ತಲು ಆಗಲಿಲ್ಲ. ನರ್ಸಮ್ಮ ಬಂದು ಪಕ್ಕದಲ್ಲಿ ಕೂತರು. "ನೀವು ಕೊರಗಬೇಡಿ. ಹಳ್ಳೀಲೇ ಹೊಟ್ಟೆ ಮೇಲೆ ಕೊಳವೆ ಇಟ್ಟು ಕೇಳಿದ್ದೆ. ಮಗೂನ ಎದೆಬಡಿತ ಆಗಲೇ ಇರಲಿಲ್ಲ. ಹೇಳಿದ್ರೆ ಆ ಹುಡುಗಿ ದಾರೀಲೇ ಬದುಕೋ ಆಸೆ ಕೈಬಿಟ್ಟುಬಿಡ್ತಿದ್ಲು" ಎಂದರು. ಆ ಏರಿನಲ್ಲಿ ನಾನು ಒದ್ದಾಡುತ್ತಿದ್ದಾಗಲೆಲ್ಲ ಅವರು ಅದೊಂದನ್ನು ನುಂಗಿಕೊಂಡು ಅವಳಿಗೆ ಧೈರ್ಯ ಹೇಳುತ್ತಾ ಕೂತಿದ್ದರು.

ಕೆಲವು ದಿನಗಳ ಮೇಲೆ ಗಂಡಹೆಂಡಿರನ್ನು ಊರಿಗೆ ಬಿಡಲು ನಾನೇ ಹೋದೆ. ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಅವಳು ನನ್ನನ್ನು ಕರೆದಳು.

"ಇಲ್ಲೇ ನಿಲ್ಸಿ ಸಾ, ನಡ್ಕಂಡ್ ಓಯ್ತೀವಿ. ಜೀಪಿನ ಸದ್ದು ಕೇಳುದ್ರೆ ಮಗ ನೋಡಕೆ ಅಂತ ಎಲ್ಲಾ ಓಡ್ಬತ್ತಾರೆ."

ಇಂಜಿನ್ ಆರಿಸಿದೆ. ಗಂಡ ಅವಳ ತೋಳು ಹಿಡಿದು ಇಳಿಸಿದ. ಇಬ್ಬರೂ ರಾಗಿ ಹೊಲದ ಬದುವಿನ ಮೇಲೆ ನಿಧಾನವಾಗಿ ನಡೆದುಹೋದರು.