ತಿಪ್ಪೆಯ ಮೇಲೆ ಹೊಸ ಸಗಣಿ

ಗೊಣ್ಣೆಹುಳು ಎಂದರೆ ನನಗೆ ಈಗಲೂ ಹೇಸಿಗೆ. ಹೆಬ್ಬೆರಳಿನಷ್ಟು ದಪ್ಪ, ಬೆಳ್ಳಗೆ, ಬಾಗಿಕೊಂಡು ಬಿದ್ದಿರುತ್ತದೆ. ಅದರ ಹೊಟ್ಟೆಯೊಳಗಿನ ಕರಿ ಹೊಲಸು ತೊಗಲಿನ ಮೂಲಕ ಹೊರಗೇ ಕಾಣುತ್ತದೆ. ಇದನ್ನು ಬರೆಯುವಾಗಲೂ ಬಾಯಿಗೆ ಹುಳಿನೀರು ಬರುತ್ತಿದೆ. ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟವಳು, ಬರೆದು ರೂಢಿಯಿಲ್ಲ. ಆದರೆ ಇದನ್ನು ಬಾಯಲ್ಲಿ ಹೇಳಿ ಮುಗಿಸಲು ಆಗಲಿಲ್ಲ.

ಕಮಲಾಪುರದ ಹತ್ತಿರ ನನ್ನ ಅಣ್ಣನಿಗೆ ಸಣ್ಣದೊಂದು ಎಣ್ಣೆತಾಳೆ ತೋಟವಿದೆ. ಅಪ್ಪ ಹಚ್ಚಿದ ಮರಗಳು ಗೊನೆ ಕೊಯ್ಯುವ ಗಳಕ್ಕೂ ಎಟುಕದಷ್ಟು ಎತ್ತರವಾದಾಗ ಅಣ್ಣ ಎಲ್ಲವನ್ನೂ ಕೆಡವಿ ಹೊಸ ಸಸಿ ಹಚ್ಚಿದ. ಅವು ಗೊನೆ ಬಿಡಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯತನಕ ಒಲೆ ಉರಿಯಬೇಕಲ್ಲ? ಸಾಲುಗಳ ನಡುವೆ ಅವನು ಕೊತ್ತಂಬರಿ, ಮೆಂತ್ಯ, ಬದನೆ ಬೆಳೆಯುವುದು, ಕಲಬುರಗಿಯಲ್ಲಿ ಕಾಯಿಪಲ್ಲೆ ಮಾರುವ ನಾನು ಅದನ್ನು ಒಯ್ದು ಅಲ್ಲಿನ ರೋಜಾ ಬಡಾವಣೆಯ ರಸ್ತೆಬದಿ ಮಾರಿಕೊಡುವುದು ಎಂದು ಮಾತಾಯಿತು.

ಕೆಡವಿದ ಮರಗಳನ್ನು ಸೀಳಿ ಬಿಸಿಲಿಗೆ ಒಣಗಿಸಬೇಕಿತ್ತು. ಅಣ್ಣ ಅರ್ಧ ಒಣಗಿಸಿದ. ಉಳಿದದ್ದನ್ನು ಬದುವಿಗೆ ಒಟ್ಟಿ, ಪಲ್ಲೆಗೆ ಗೊಬ್ಬರವಾದೀತೆಂದು ಮೇಲೆ ಸಗಣಿ ಸುರಿದ. ಅಂಥ ಕೊಳೆಯಲ್ಲೇ ತಲೆಗೆ ಕೊಂಬಿರುವ ಕರಿ ದುಂಬಿ ಮೊಟ್ಟೆ ಇಡುತ್ತದೆ. ಗೊಣ್ಣೆಹುಳು ಅದರ ಮರಿ. ಅದು ಬೆಳೆದು ದುಂಬಿಯಾಗಿ ಹಾರಿದರೆ ಎಳೆ ತಾಳೆಯ ಸುಳಿಯನ್ನೇ ಕೊರೆಯುತ್ತದೆ. ಹಾಗಾಗಿ ವಾರಕ್ಕೊಮ್ಮೆ ತಿಪ್ಪೆಯನ್ನು ತಳದವರೆಗೆ ತಿರುವಿ, ಹುಳು ಆರಿಸಿ ಕೋಳಿಗೆ ಹಾಕಬೇಕು. ಒಂದು ವಾರ ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಒಂದು ವಾರ ನಾನು ಎಂದು ಪಾಳಿ ಮಾಡಿಕೊಂಡೆವು.

ಮೊದಲ ಸಲ ಇಬ್ಬರೂ ಕೂಡಿಯೇ ತಿರುವಿದೆವು. ಒಂದು ತುಂಡು ಎಬ್ಬಿಸಿದರೆ ಸಾಕು, ಹಳಸಿದ ಹಿಟ್ಟು ಮತ್ತು ಸತ್ತ ಇಲಿ ಕೂಡಿದಂಥ ನಾತ. ವೈನಿ ಬರಿಗೈಯಲ್ಲಿ ಹುಳು ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು.

"ಏ ತಂಗೀ, ಅದೇನ್ ನಿನ್ನ ಕಡಿಯಂಗಿಲ್ಲ. ನಿನ್ನ ಮಾರಿ ನೋಡಿ ಅದಕ್ಕ ಹೇಸ್ಕಿ ಬಂದಿರಬೇಕು."

"ಹಂಗಾರ ನೀನ ಮುದ್ದ ಮಾಡವ್ವಾ ವೈನಿ," ಎಂದು ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ನನ್ನ ಪಾಳಿ ಬಂದಾಗ ಒಬ್ಬಳೇ ಇದ್ದೆ. ಸಲಿಕೆ ಹಾಕಿದೆ. ಒಳಗೆ ಬುಳುಬುಳು ಎಂದಿತು. ಮೇಲಿನ ಕೆಲವನ್ನು ಕಡ್ಡಿಯಿಂದ ಎತ್ತಿ ಕೋಳಿಗೆ ಎಸೆದು, ಉಳಿದದ್ದರ ಮೇಲೆ ಹೊಸ ಸಗಣಿ ಹಾಕಿ ಕಾಲಿಂದ ತಟ್ಟಿ ಸಪಾಟು ಮಾಡಿದೆ. ಮುಂದಿನ ಪಾಳಿಗಳಲ್ಲೂ ಅದನ್ನೇ ಮಾಡಿದೆ. ಅಷ್ಟೇ ಆಗಿದ್ದರೆ ವೈನಿಯ ಕೈಗಾದರೂ ಹುಳು ಸಿಗುತ್ತಿತ್ತು. ಸಿಕ್ಕರೆ ನನ್ನ ಕಳ್ಳತನ ಹೊರಬೀಳುತ್ತದೆಂದು ಮೊದಲ ಪಾಳಿಯ ದಿನವೇ ನಾನು ಅವಳಿಗೆ ಹೇಳಿದ್ದೆ:

"ತಿಪ್ಪಿ ಈಗ ಸ್ವಚ್ಛ ಅದ ವೈನಿ. ತಳದ ತನಕ ನೋಡೀನಿ. ನಿನ್ನ ಪಾಳಿ ಬಿಡು, ಪಲ್ಲೆ ನೋಡ್ಕೊ."

"ಪುಣ್ಯಾ ಬರ್ಲಿ ನಿನಗ," ಅಂದಳು. ನಡು ಹಿಡಿದುಕೊಂಡಿದ್ದಳು. ನಂಬಿದಳು.

ಮಳೆ ಬಿದ್ದ ಮೇಲೆ ಬಿಚ್ಚಿಕೊಂಡ ಹೊಸ ಗರಿಗಳು ಕತ್ತರಿ ಆಡಿಸಿದ ಹಾಗೆ ಹರಿದಿದ್ದವು. ಕೆಲವು ಸಸಿಗಳ ಸುಳಿ ಎಳೆದರೆ ಕೊಳೆತು ಕೈಗೇ ಬಂತು. ಅಂಥ ಜಾಗದಲ್ಲೆಲ್ಲ ಮತ್ತೆ ಸಸಿ, ಮತ್ತೆ ಮೊದಲಿನಿಂದ ಕಾಯುವುದು. ಅಣ್ಣ ತಿಪ್ಪೆ ಅಗೆದು ನೋಡಿದ. ಒಳಗೆ ಹುಳುಗಳೇ ಮಣ್ಣಿನ ಹಾಗಿದ್ದವು.

"ಮನ್ಯಾಗ ಇರಾಕಿ ನೀ!" ಎಂದು ವೈನಿಯ ಮೇಲೆ ಹರಿಹಾಯ್ದ. "ಅಕಿ ಊರಿಂದ ಬಂದು ತನ್ನ ಪಾಳಿ ಮಾಡ್ತಾಳ. ನಿನಗೇನ್ ಧಾಡಿ ಆಗಿತ್ತು? ಕೂಳಿಗೆ ಕಲ್ಲ ಹಾಕಿದೆಲ್ಲ!"

ವೈನಿ ನನ್ನ ಕಡೆ ನೋಡಿದಳು. ನಾನು ಕೊತ್ತಂಬರಿ ಸೂಡು ಕಟ್ಟುತ್ತಿದ್ದೆ. ಕಟ್ಟುತ್ತಲೇ ಇದ್ದೆ. ಕಲಬುರಗಿಗೆ ಮರಳುವಾಗ ಬಸ್ಸು ಮಹಾಗಾಂವ ದಾಟುವ ತನಕ ನನ್ನ ಕೈಯನ್ನು ಮೂಸಿ ನೋಡಿಕೊಳ್ಳುತ್ತಿದ್ದೆ. ಆ ನಾತ ತಿಪ್ಪೆಯದಲ್ಲ ಎಂದು ನನಗೆ ಗೊತ್ತಿತ್ತು.

ಮುಂದಿನ ವಾರ ಇಬ್ಬರ ಎದುರೂ ನಾನು ಮಾಡಿದ್ದನ್ನು ಹೇಳಿದೆ. ಅಣ್ಣ ತಲೆ ತಗ್ಗಿಸಿದ. "ಮೊದಲ ಹೇಳಿದ್ರ ಅರ್ಧಾರ ಉಳೀತಿದ್ವಲ್ಲ ತಂಗೀ," ಅಂದ.

ವೈನಿ ಮಾತ್ರ, "ಅವತ್ತ ಅವರು ನನಗ ಅನ್ನಾಕತ್ತಾಗ ನೀ ಸೂಡ ಕಟ್ಟಾಕತ್ತಿದ್ದಿ," ಅಂದಳು. ಅಷ್ಟೇ.

ಈಗ ಪ್ರತಿ ವಾರ ನಾನೇ ತಿಪ್ಪೆ ತಿರುವುತ್ತೇನೆ, ಬರಿಗೈಯಲ್ಲಿ, ತಳದವರೆಗೆ. ಹೇಸಿಗೆ ಒಂದಿಷ್ಟೂ ಕಡಿಮೆಯಾಗಿಲ್ಲ. ಬದುವಿನ ಮೇಲೆ ಕುಳಿತು ವಾಂತಿ ಮಾಡಿಕೊಂಡದ್ದೂ ಇದೆ. ಅಣ್ಣ ಪಲ್ಲೆ ಕೊಡುವುದನ್ನು ನಿಲ್ಲಿಸಿಲ್ಲ, ಹೊಸದಾಗಿ ಹಚ್ಚಿದ ಸಸಿಗಳೂ ಚಿಗುರಿವೆ. ವೈನಿ ನೀರು ಕೊಡುತ್ತಾಳೆ, ಛಾ ಕೊಡುತ್ತಾಳೆ. ಕೈತೊಳೆದು ಕಟ್ಟೆಗೆ ಬಂದರೆ ಚಾಪೆ ಹಾಸಿ, ಯಾರೋ ಹೊರಗಿನವರಿಗೆ ಹೇಳುವ ಹಾಗೆ ಹೇಳುತ್ತಾಳೆ:

"ಬರ್ರಿ, ಕೂಡ್ರಿ. ದಣದೀರಿ."