ನೀಲಿ ಶೀಟಿನ ಮನೆ

ಗುಂಡ್ಲುಪೇಟೆಯ ಅಂಗಡಿಯಲ್ಲಿ ಚಾವಣಿ ಶೀಟಿಗೆ ಬಣ್ಣ ಆರಿಸುವಾಗ ನಾನು ತಲೆ ಕೆಡಿಸಿಕೊಳ್ಳಲೇ ಇಲ್ಲ. ಹಂಗಳದ ರಸ್ತೆಯಲ್ಲಿ ನಮ್ಮ ಪಕ್ಕದ ಮನೆ ಪುಟ್ಟಮ್ಮನ ನೀಲಿ ಶೀಟು ಚೆನ್ನಾಗಿ ಕಾಣುತ್ತಿತ್ತು. ಅದನ್ನೇ ಹಾಕಿಸಿದೆ.

ಒಂದು ಭಾನುವಾರ ಬಸ್ಸಿಳಿದು ಐದಾರು ಜನ ಸೀದಾ ನಮ್ಮ ಮನೆಗೆ ಬಂದರು. ಹೆಂಡತಿಯ ಕಡೆಯವರೆಂದುಕೊಂಡು ನಾನು ಚಾಪೆ ಹಾಸಿದೆ. ನನ್ನ ಕಡೆಯವರೆಂದುಕೊಂಡು ಅವಳು ಉಪ್ಪಿಟ್ಟು ಕೊಟ್ಟಳು. ತಿಂದು ಮುಗಿಸಿದ ಹಿರಿಯರೊಬ್ಬರು, "ಹುಡ್ಗೀನ ಕರೀರಿ, ನೋಡ್ಬುಟ್ಟು ಓಗ್ತೀವಿ" ಅಂದರು. ನಮಗಿರುವುದು ಗಂಡುಮಗ ಒಬ್ಬನೇ.

ಅಷ್ಟರಲ್ಲಿ ಪುಟ್ಟಮ್ಮ ಬಾಗಿಲಿಗೆ ಬಂದು ನಿಂತಳು. "ನೀಲಿ ಶೀಟಿನ ಮನೆ ಅಂತ ನಾನೇ ಗುರ್ತು ಯೋಳಿದ್ದೆ ಕಣಣ್ಣ. ಮಗಳು ಬೆಳಗ್ಗಿಂದ ಸೀರೆ ಉಟ್ಕೊಂಡು ಕಾಯ್ತಾವ್ಳೆ." ನನಗೆ ತಲೆ ಎತ್ತಲಾಗಲಿಲ್ಲ.

ಸುದ್ದಿ ಊರೆಲ್ಲ ಹಬ್ಬಿತು. ಈಗ ನಮ್ಮ ಸ್ಟಾಪ್ ಬಂದರೆ ಬಸ್ಸಿನ ಕಂಡಕ್ಟರ್, "ಡೂಪ್ಲಿಕೇಟ್ ನೀಲಿ ಯಾರ್ರೀ, ಇಳೀರಿ" ಅಂತ ಕೂಗುತ್ತಾನೆ. ಬಸ್ಸಿಡೀ ನೋಡುತ್ತಿರುವಾಗ ನಾನೇ ಇಳಿಯುತ್ತೇನೆ.