ಕನ್ನಡಕ ತೆಗೆದ ಮೇಷ್ಟ್ರು

ಮೇಷ್ಟ್ರ ಮೂಗಿನ ಎರಡೂ ಬದಿಗೆ ಕನ್ನಡಕ ಒತ್ತಿ ಒತ್ತಿ ಕೆಂಪು ಗುಳಿ ಬಿದ್ದಿತ್ತು. ಮುಖ್ಯವಾದ ಮಾತಿಗೆ ಮುಂಚೆ ಅವರು ಅದನ್ನು ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು. ದಪ್ಪ ಗಾಜು ಸರಿದ ಕೂಡಲೇ ಮುಖ ಎಷ್ಟು ಸಾಧುವಾಗಿ ಕಾಣುತ್ತಿತ್ತೆಂದರೆ, ಎದುರಿಗಿದ್ದವರು ಆಗಲೇ ಅರ್ಧ ಒಪ್ಪಿಬಿಡುತ್ತಿದ್ದರು.

ಬಸವನಗುಡಿಯ ನಮ್ಮ ರಸ್ತೆಯ ಮಕ್ಕಳಿಗೆಲ್ಲ ಅವರೇ ಇಂಗ್ಲಿಷ್ ಕಲಿಸಿದವರು. ಭಾನುವಾರ ಮಾತ್ರ ಮದುವೆ ಸಂಬಂಧ ಕುದುರಿಸುವ ಕೆಲಸ. ಒಮ್ಮೆ ಪಾಠದಲ್ಲಿ ನಾನು ‘ಸ್ಪೀಲ್’ ಎಂದರೇನೆಂದು ಕೇಳಿದೆ.

“ಮರುಳು ಮಾಡೋ ಮಾತು ಕಣಯ್ಯಾ. ಹುಟ್ಟಿದ್ದು ಜರ್ಮನ್‌ನಲ್ಲಿ, ಅಲ್ಲಿ ಆಟ ಅಂತ ಅರ್ಥ. ಅಮೆರಿಕಾದಲ್ಲಿ ಸರ್ಕಸ್ ಡೇರೆ ಮುಂದೆ ನಿಂತು ಜನಾನ ಒಳಗೆ ಕರೀತಿದ್ರಲ್ಲ, ಅವರ ಮಾತಿಗೆ ಈ ಹೆಸರು ಬಂತು. ಒಳಗೇನಿದೆ ಅನ್ನೋದು ಟಿಕೆಟ್ ಹರಿದ ಮೇಲೇ ಗೊತ್ತಾಗೋದು!”

ನಾವೆಲ್ಲ ನಕ್ಕೆವು. ಅವರೂ ನಕ್ಕರು.

ಅಕ್ಕನಿಗೆ ಗಂಡು ತಂದವರೂ ಅವರೇ. ಹೆಣ್ಣು ನೋಡಲು ಬಂದ ದಿನ ಕಾಫಿ ಲೋಟ ಹಿಡಿದ ಹುಡುಗನ ಕೈ ನಡುಗಿದ್ದನ್ನು ಅಕ್ಕ ಗಮನಿಸಿದ್ದಳು. ಬೇಡ ಎಂದಳು. ಮಾರನೆಯ ದಿನವೇ ಮೇಷ್ಟ್ರು ಬಂದು ಕೂತು ಕನ್ನಡಕ ತೆಗೆದರು.

“ಸಂಕೋಚಕ್ಕೆ ನಡುಗಿದೆ ಕಣಮ್ಮ. ಅಂಥ ಹುಡುಗ ಈಗ ಎಲ್ಲಿ ಸಿಗ್ತಾನೆ? ನಿನಗೆ ಅಕ್ಷರ ಕಲಿಸಿದೋನು ನಾನು, ನಿನ್ನ ಬಾವಿಗೆ ತಳ್ತೀನಾ?”

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿತ್ತು ಮಾತು. ಅಕ್ಕ ಹೂಂ ಎಂದು ತಲೆಯಾಡಿಸಿದಳು.

ಮೊದಲ ದೀಪಾವಳಿಗೆ ಮುಂಚೆಯೇ, ಗಂಡ ಕುಡಿದು ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು ವಾಪಸ್ಸು ಬಂದಳು.

“ಅವನು ಕುಡೀತಾನೆ ಅಂತ ನಿಮಗೆ ಗೊತ್ತಿತ್ತಾ ಮೇಷ್ಟ್ರೇ?” ಅಪ್ಪ ಕೇಳಿದರು.

“ಗೊತ್ತಿತ್ತು ಸ್ವಾಮಿ. ಮದುವೆಯಾದ್ರೆ ಸರಿಹೋಗ್ತಾನೆ ಅಂದ್ಕೊಂಡೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ದೊಡ್ಡವರೇ ಹೇಳಿದಾರಲ್ಲ.”

ಅಂದು ಅವರು ಕನ್ನಡಕ ತೆಗೆಯಲಿಲ್ಲ. ಆ ಗಾದೆ ಕಟ್ಟಿದವರ ಮನೆಯಲ್ಲಿ ಹೆಣ್ಣುಮಕ್ಕಳಿರಲಿಲ್ಲವೇನೋ.

ಇವತ್ತು ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ಅನ್ನ ತಿನ್ನುತ್ತಿರುವುದು ಅವರು ಕಲಿಸಿದ್ದರಿಂದ. ಇಲ್ಲವೆನ್ನಲಾರೆ. ಆದರೂ ಅಕ್ಕನ ಮುರಿದ ಕೈ ನೆನಪಾದರೆ ಕ್ಷಮಿಸಲು ಮನಸ್ಸು ಬರುವುದಿಲ್ಲ.

ಕಳೆದ ತಿಂಗಳು ಮೇಷ್ಟ್ರು ತೀರಿಕೊಂಡರು. ನಾನು ಹೋಗುವುದಿಲ್ಲ ಎಂದೆ. ಅಕ್ಕನೇ ಎಳೆದುಕೊಂಡು ಹೋದಳು. ನಡುಮನೆಯಲ್ಲಿ ಮಲಗಿಸಿದ್ದರು. ಮೂಗಿನ ಮೇಲೆ ಆ ಗುಳಿಗಳು ಹಾಗೇ ಇದ್ದವು. ಅಕ್ಕ ತುಂಬ ಹೊತ್ತು ಆ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಅವರ ಮಗನನ್ನು ಕರೆದು ಮೆಲ್ಲಗೆ ಹೇಳಿದಳು:

“ಅವರಿಗೆ ಕನ್ನಡಕ ಹಾಕಪ್ಪ. ಹೀಗೆ ನೋಡಿದ್ರೆ ಇವತ್ತೂ ನಂಬಿಬಿಡ್ತೀನಿ.”